ಕೆಂಬಾಳೆಯ ದಾರಿಗೆ ಯಾವ ಗಾಡಿ?

ಕಮಲಾಪುರದಿಂದ ಕಲಬುರಗಿಗೆ ನಲವತ್ತು ಕಿಲೋಮೀಟರಿನ ಒಳಗಿನ ದಾರಿ. ಹುಮನಾಬಾದ್ ರಸ್ತೆಯಲ್ಲಿ ಬೆಳಗಿನ ಹೊತ್ತು ಮಾಲು ಹೇರಿಕೊಂಡು ಬರುವುದು ಬಹುಪಾಲು ಬೊಲೆರೊ ಪಿಕಪ್, ಇಲ್ಲವೇ ಜನ ‘ಛೋಟಾ ಹಾಥಿ’ ಎಂದು ಕರೆಯುವ ಟಾಟಾ ಏಸ್. ಉದ್ದ ಡಿಕ್ಕಿಯ ಎಸ್ಟೇಟ್ ಕಾರು ಕಣ್ಣಿಗೆ ಬೀಳುವುದೇ ಅಪರೂಪ. ಆದರೂ ಸೆಕೆಂಡ್‌ಹ್ಯಾಂಡ್ ಗಾಡಿ ಹುಡುಕುವ ತೋಟದ ಮನೆಯವರು ಪಿಕಪ್, ಎಸ್ಟೇಟ್ ಎರಡನ್ನೂ ತೂಗಿ ನೋಡಬೇಕು. ಹೋಗುವಾಗ ಗೊನೆ ಇದ್ದರೆ, ಬರುವಾಗ ಅದೇ ಗಾಡಿಯಲ್ಲಿ ಮನೆಮಂದಿ ಇರುತ್ತಾರೆ.

ಹಾಗೆ ನೋಡಿದರೆ ನಮ್ಮಲ್ಲಿ ಇವೆರಡೂ ಒಡಹುಟ್ಟುಗಳು. ಅಂದಿನ ಟೆಲ್ಕೊ 1988ರಲ್ಲಿ ಟಾಟಾಮೊಬೈಲ್ ಪಿಕಪ್ ತಂದಿತು. ಅದನ್ನೇ ಬುನಾದಿ ಮಾಡಿಕೊಂಡು 1991ರಲ್ಲಿ ಸಿಯೆರಾ, ಮರುವರ್ಷ ಟಾಟಾ ಎಸ್ಟೇಟ್ ಬಂದವು. 2004ರಲ್ಲಿ ಇನ್ನೊಂದು ಎಸ್ಟೇಟ್, ಇಂಡಿಗೊ ಮರೀನಾ ಬಂತು. 2006ರ ಕೇಂದ್ರ ಬಜೆಟ್ ನಾಲ್ಕು ಮೀಟರ್ ಒಳಗಿನ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದ ಮೇಲೆ ಉದ್ದ ಡಿಕ್ಕಿ ದುಬಾರಿಯಾಯಿತು. ಒಳ್ಳೆಯದೊಂದು ಗಾಡಿಯ ಕುಲ ಹೀಗೆ ಸೊರಗಿದ್ದು ಬೇಸರದ ಸಂಗತಿ.

ಈಗ ಬಾಳೆಯ ವಿಷಯ. ಭೌಗೋಳಿಕ ಸೂಚಿ ಪಡೆದ ಕಮಲಾಪುರದ ಕೆಂಬಾಳೆ ಕೈಗೆ ಬರಲು ವರ್ಷಕ್ಕೂ ಹೆಚ್ಚು ಕಾಯಬೇಕು. ಅಷ್ಟು ಕಾದ ಗೊನೆ ದಾರಿಯಲ್ಲಿ ಉಜ್ಜಿಕೊಂಡರೆ ಆ ಕೆಂಪು ಸಿಪ್ಪೆಯ ಮೇಲೆ ಕಪ್ಪು ಗೀರು ಎದ್ದು ಕಾಣುತ್ತದೆ, ದರ ಅಲ್ಲಿಯೇ ಮುರಿಯುತ್ತದೆ. ಭಾರಕ್ಕೆಂದೇ ಮಾಡಿದ ಪಿಕಪ್ಪಿನ ಪಾಟಾ ಖಾಲಿ ಇದ್ದಾಗ, ಅರೆ ಲೋಡಿನಲ್ಲಿದ್ದಾಗ ಕುಕ್ಕುತ್ತದೆ. ನಾಲ್ಕೈದು ಗೊನೆ ಹಾಕಿಕೊಂಡು ಹೊರಟರೆ ಕೆಳಗೆ ಒಣ ಎಲೆ ದಪ್ಪಗೆ ಹಾಸಲೇಬೇಕು. ಎಸ್ಟೇಟಿನ ನಡಿಗೆ ಮೆತ್ತಗೆ. ಆದರೆ ಅದರ ತೊಂದರೆ ಬೇರೆ: ಕೊಯ್ದ ದಂಟಿನಿಂದ ಒಸರುವ ಸೋನೆ ಸೀಟಿನ ಬಟ್ಟೆಗೆ ಹತ್ತಿದರೆ ಕಂದುಗಪ್ಪು ಕಲೆ ಸಾಬೂನಿಗೂ ಜಗ್ಗುವುದಿಲ್ಲ. ಏಪ್ರಿಲ್–ಮೇ ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದರಂತೂ ಒಳಗಿನ ಕಾವಿಗೆ, ಹಣ್ಣೇ ಬಿಡುವ ಎಥಿಲೀನ್ ಅನಿಲಕ್ಕೆ ಕಾಯಿ ಬೇಗ ಬಣ್ಣ ತಿರುಗುತ್ತದೆ. ಪಿಕಪ್ಪಿಗೆ ತಾಡಪತ್ರಿ ಹೊದಿಸಿದರೆ ನೆರಳೂ ಉಂಟು, ಗಾಳಿಯೂ ಉಂಟು.

ತೂಕದಲ್ಲಿ ಪೈಪೋಟಿಯೇ ಇಲ್ಲ. ಬೊಲೆರೊ ಪಿಕಪ್ ಒಂದು ಟನ್ನಿಗೂ ಮೇಲೆ ಹೊರುತ್ತದೆ. ತೊಗರಿ ರಾಶಿ ಮುಗಿಸಿ ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಗೆ ಚೀಲ ಸಾಗಿಸುವವರಿಗೆ ಅದೇ ಸರಿ.

ನನಗೆ ದಿಗಿಲು ಹುಟ್ಟಿಸುವುದು ಆ ಪಿಕಪ್ಪಿನ ಹಿಂಭಾಗ. ಸುಗ್ಗಿಯಲ್ಲಿ ಕೂಲಿಯವರು, ಜಾತ್ರೆಗೆ ಹೊರಟ ಹೆಂಗಸರು ಮಕ್ಕಳು ಅದರಲ್ಲೇ ನಿಂತು ಹೋಗುತ್ತಾರೆ. ಹಿಡಿಯಲು ಒಂದು ಕಂಬಿ, ಅಷ್ಟೇ. ಒಮ್ಮೆ ಜೋರಾಗಿ ಬ್ರೇಕ್ ಹಾಕಿದರೆ ಸಾಕು. ಸರಕು ವಾಹನದಲ್ಲಿ ಜನರನ್ನು ಹೀಗೆ ಒಯ್ಯುವುದು ಕಾನೂನಿಗೆ ವಿರುದ್ಧ, ಅನಾಹುತವಾದರೆ ವಿಮೆಯ ಹಣಕ್ಕೂ ಕೋರ್ಟು ಅಲೆಯಬೇಕು. ಎಸ್ಟೇಟಿನಲ್ಲಾದರೆ ಐದು ಜನಕ್ಕೆ ಸೀಟು, ಬೆಲ್ಟು ಎರಡೂ ಇವೆ.

ಕಾಗದಪತ್ರದ ಮಾತು. ಬಿಳಿ ಬೋರ್ಡಿನ ಕಾರಿನಲ್ಲಿ ಪರರ ಮಾಲು ಬಾಡಿಗೆಗೆ ಹೇರುವಂತಿಲ್ಲ. ಹಳದಿ ಬೋರ್ಡಿನ ಪಿಕಪ್ಪಿಗೆ ಎಂಟು ವರ್ಷ ದಾಟಿದರೆ ಪ್ರತಿವರ್ಷ ಫಿಟ್‌ನೆಸ್ ಮಾಡಿಸಬೇಕು. ಲೈಸೆನ್ಸಿನ ಗೊಂದಲ ಮಾತ್ರ ಬಗೆಹರಿದಿದೆ: 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದಿತು. ಯಾವುದನ್ನೇ ಕೊಳ್ಳಿ, ಆರ್‌.ಸಿ.ಯಲ್ಲಿ ಫೈನಾನ್ಸಿನ ಹೆಸರಿದ್ದರೆ ಸಾಲ ತೀರಿದ ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಪಿಕಪ್ಪಾದರೆ ಅಡಿಗೆ ಬಗ್ಗಿ ಚಾಸಿಸ್ಸಿಗೆ ವೆಲ್ಡಿಂಗ್ ಬಿದ್ದಿದೆಯೇ ನೋಡಿ. ಮರೀನಾ ಆದರೆ ಹಿಂಬಾಗಿಲ ಗಾಜು, ದೀಪ ಸರಿಯಿವೆಯೇ ನೋಡಿ, ಅವು ಒಡೆದರೆ ಗುಜರಿಯಲ್ಲೇ ಹುಡುಕಬೇಕು.

ಬಾಳೆ, ತೊಗರಿ ಎರಡೂ ಇದ್ದು ಗಾಡಿಗೆ ವರ್ಷವಿಡೀ ಕೆಲಸ ಇರುವವರು ಪಿಕಪ್ ಕೊಳ್ಳಲಿ, ಮನೆಮಂದಿಯನ್ನು ಬಸ್ಸಿಗೆ ಹತ್ತಿಸಲಿ. ತುಂಡು ತೋಟದವರಿಗೆ ಸುಸ್ಥಿತಿಯ ಡೀಸೆಲ್ ಮರೀನಾ ಸಿಕ್ಕರೆ ಅದನ್ನೇ ಹಿಡಿಯಲಿ. ಡಿಕ್ಕಿಗೆ ಒಂದು ತಾಡಪತ್ರಿ ಹಾಸಿಕೊಂಡರೆ ಸಾಕು.