ಮೊದಲ ಸ್ಮಾರ್ಟ್‌ಫೋನ್ ಕೊಳ್ಳುತ್ತಿದ್ದೀರಾ? ಫೋನ್ ಬೆಲೆಯಷ್ಟೇ ಅಲ್ಲ, 28 ದಿನದ ಲೆಕ್ಕವನ್ನೂ ಹಾಕಿ

ಮುಂಬೈನ ಮಲಾಡ್ ಸ್ಟೇಷನ್ ಇಳಿದು ಎಸ್.ವಿ. ರೋಡ್‌ಗೆ ಬಂದರೆ ಮೊಬೈಲ್ ಅಂಗಡಿಗಳಿಗೇನೂ ಬರವಿಲ್ಲ. ಊರಿನಿಂದ ಹೋಟೆಲ್ ಕೆಲಸಕ್ಕೋ ಮೈಂಡ್‌ಸ್ಪೇಸ್‌ನ ಕಚೇರಿಗೋ ಬಂದ ಹುಡುಗ ಮೊದಲ ಸಂಬಳ ಹಿಡಿದು ಅಲ್ಲಿ ನಿಂತಾಗ ಕಣ್ಣಿಗೆ ಬೀಳುವುದು ಫೋನಿನ ಪೂರ್ತಿ ಬೆಲೆಯಲ್ಲ, ತಿಂಗಳ ಕಂತು. ಎಡವುವುದು ಅಲ್ಲೇ.

ಅಮೆರಿಕದಲ್ಲಿ ಮೊಬೈಲ್ ಕಂಪನಿಯೇ ಎರಡು, ಮೂರು ವರ್ಷದ ಕರಾರಿನ ಮೇಲೆ ಫೋನ್ ಕೊಡುವುದು ರೂಢಿ. ನಮ್ಮಲ್ಲಿ ಬಹುಪಾಲು ಜನರಿಗೆ ಫೋನ್ ಬೇರೆ, ಸಿಮ್ ಬೇರೆ. ಹಾಗೆಂದು ಕರಾರಿನ ಪ್ರಯೋಗ ಇಲ್ಲಿ ನಡೆದೇ ಇಲ್ಲ ಎಂದಲ್ಲ. 2003ರ ಮಳೆಗಾಲದಲ್ಲಿ ರಿಲಯನ್ಸ್ ಇನ್ಫೋಕಾಂ 'ಮಾನ್ಸೂನ್ ಹಂಗಾಮಾ' ಹೆಸರಲ್ಲಿ 501 ರೂಪಾಯಿಗೆ ಫೋನ್ ಕೈಗಿಟ್ಟಿತ್ತು. ಉಳಿದ ಹಣವನ್ನು ತಿಂಗಳು ತಿಂಗಳು ಕಟ್ಟಬೇಕಿತ್ತು.

2021ರ ದೀಪಾವಳಿಗೆ ಬಂದ ಜಿಯೋಫೋನ್ ನೆಕ್ಸ್ಟ್ ಇನ್ನೂ ಒಳ್ಳೆಯ ಉದಾಹರಣೆ. ನಗದು ಬೆಲೆ 6,499 ರೂ. ಕಂತಿನಲ್ಲಾದರೆ ಮೊದಲಿಗೆ 1,999 ರೂ. ಹಾಗೂ ಪ್ರೊಸೆಸಿಂಗ್ ಶುಲ್ಕ 501 ರೂ. ಕಟ್ಟಿ, ನಂತರ 24 ತಿಂಗಳು 300 ರೂ. ಕಟ್ಟಬೇಕಿತ್ತು. ಒಟ್ಟು 9,700 ರೂ. ಅದರಲ್ಲೇ ಕರೆ, ಡೇಟಾ ಸೇರಿದ್ದರಿಂದ ದುಬಾರಿ ಎನ್ನಲಾಗದು. ಆದರೆ ಸಿಗುತ್ತಿದ್ದುದು ತಿಂಗಳಿಗೆ 5 ಜಿಬಿ ಡೇಟಾ, 100 ನಿಮಿಷ ಕರೆ. ದಿನಾ ಊರಿಗೆ ಫೋನ್ ಮಾಡುವವರಿಗೆ ನೂರು ನಿಮಿಷ ಎಲ್ಲಿಗೆ ಸಾಲುತ್ತದೆ? ದಿನಕ್ಕೆ 1.5 ಜಿಬಿ ಬೇಕೆಂದರೆ ಕಂತು 450 ರೂ., ಒಟ್ಟು 13,300 ರೂ. ಆಗುತ್ತಿತ್ತು.

ಈಗ ಆ ಜಾಗಕ್ಕೆ ಬಂದಿರುವುದು ಫೈನಾನ್ಸ್ ಸಂಸ್ಥೆಗಳ 'ನೋ-ಕಾಸ್ಟ್ ಇಎಂಐ'. ಹೆಸರನ್ನು ನಂಬಬೇಡಿ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ಆರ್‌ಬಿಐ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಬಡ್ಡಿ ಎಲ್ಲೋ ಒಂದು ಕಡೆ ಅಡಗಿರುತ್ತದೆ. ಉದಾಹರಣೆಗೆ, ನಗದು ಕೊಟ್ಟರೆ 11,500ಕ್ಕೆ ಸಿಗುವ ಫೋನಿಗೆ ತಿಂಗಳಿಗೆ ಸಾವಿರದಂತೆ ಹನ್ನೆರಡು ಕಂತು, ಮೇಲೆ 300 ರೂ. ಶುಲ್ಕ ಎಂದಿಟ್ಟುಕೊಳ್ಳಿ. ಒಟ್ಟು 12,300 ಆಯಿತು. ಆ 800 ರೂಪಾಯಿಯೇ 'ನೋ-ಕಾಸ್ಟ್'ನ ಕಾಸ್ಟ್. ಆದ್ದರಿಂದ ಅಂಗಡಿಯವರನ್ನು ಮೊದಲು ಕೇಳಬೇಕಾದ್ದು, "ನಗದಿಗೆ ಎಷ್ಟು ಕಡಿಮೆ ಮಾಡ್ತೀರಿ?"

2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆ 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್' ಕೊಡುವುದು ಕಡ್ಡಾಯ. ಶುಲ್ಕಗಳೂ ಸೇರಿದ ವಾರ್ಷಿಕ ದರ ಅದರಲ್ಲಿರುತ್ತದೆ. ಕೇಳಿ ಪಡೆಯಿರಿ, ಓದಿದ ಮೇಲೆಯೇ ಒಟಿಪಿ ಹೇಳಿ.

ಇನ್ನು ರೀಚಾರ್ಜ್. 2024ರ ಜುಲೈ ದರ ಏರಿಕೆಯಲ್ಲಿ ಜಿಯೋದ ದಿನಕ್ಕೆ 1.5 ಜಿಬಿ ಪ್ಲಾನ್ 239ರಿಂದ 299 ರೂಪಾಯಿಗೆ ಏರಿತು. ಅವಧಿ ಮಾತ್ರ 28 ದಿನ. ಹಾಗಾಗಿ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್: 3,887 ರೂ. ಎರಡು ವರ್ಷಕ್ಕೆ 7,774 ರೂ. ಹತ್ತು ಸಾವಿರದ ಫೋನಿಗೆ ಮುಕ್ಕಾಲು ಪಾಲು ಮತ್ತೆ ಕೊಟ್ಟಂತೆ!

ಈ 28 ದಿನದ ಬಗ್ಗೆ ದೂರುಗಳು ಹೆಚ್ಚಿದಾಗ 2022ರ ಜನವರಿಯಲ್ಲಿ ಟ್ರಾಯ್ ಮಧ್ಯಪ್ರವೇಶಿಸಿತು. ಪ್ರತಿ ಕಂಪನಿಯೂ 30 ದಿನದ ಒಂದು ಪ್ಲಾನ್, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವ ಒಂದು ಪ್ಲಾನ್ ಇಡಲೇಬೇಕು. ಅದೇ 1.5 ಜಿಬಿಗೆ ಜಿಯೋದ ತಿಂಗಳ ಪ್ಲಾನ್ ಏರಿಕೆಯ ನಂತರ 319 ರೂ. ಇತ್ತು, ಅಂದರೆ ವರ್ಷಕ್ಕೆ 3,828. ನೋಡಲು ದುಬಾರಿ, ಲೆಕ್ಕದಲ್ಲಿ 59 ರೂ. ಅಗ್ಗ. ದರಗಳು ಬದಲಾಗುತ್ತಿರುತ್ತವೆ, ಆದರೆ ಲೆಕ್ಕ ಹಾಕುವ ರೀತಿ ಇದೇ.

ಪೋಸ್ಟ್‌ಪೇಯ್ಡ್ ತೆಗೆದುಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಪ್ರೀಪೇಯ್ಡ್ ದರದಲ್ಲಿ ಜಿಎಸ್‌ಟಿ ಸೇರಿರುತ್ತದೆ, ಪೋಸ್ಟ್‌ಪೇಯ್ಡ್ ಜಾಹೀರಾತಿನ ದರದಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ. 449 ರೂ. ಎಂದದ್ದು ಶೇ. 18 ತೆರಿಗೆ ಸೇರಿ ಬಿಲ್‌ನಲ್ಲಿ ಸುಮಾರು 530 ಆಗುತ್ತದೆ.

ಮುಂಬೈಗೆ ಬಂದ ಮಾತ್ರಕ್ಕೆ ಹೊಸ ನಂಬರ್ ಬೇಕಿಲ್ಲ. ಊರಿನ ಸಿಮ್ಮೇ ಇಲ್ಲಿ ನಡೆಯುತ್ತದೆ. ಕಂಪನಿ ಬದಲಿಸಬೇಕೆನಿಸಿದರೂ 2015ರ ಜುಲೈನಿಂದ ದೇಶದ ಯಾವ ವಲಯಕ್ಕಾದರೂ ಅದೇ ನಂಬರ್ ಒಯ್ಯಬಹುದು. ಅಂಗಡಿಯಲ್ಲಿ ಹೊಸ ಸಿಮ್ ಜೊತೆಗೆ ಕೊಡುತ್ತೇವೆ ಎಂದರೆ, ಬೇಡದಿದ್ದರೆ ಬೇಡ ಎನ್ನಿ.

ಫೋನ್ ಕೈಗೆ ಬಂದ ಮೇಲೆ ಅಂಗಡಿ ಬಿಡುವ ಮುನ್ನ *#06# ಒತ್ತಿ. ಪರದೆಯ ಮೇಲೆ ಬರುವ ಐಎಂಇಐ ಸಂಖ್ಯೆ ಡಬ್ಬಿಯ ಮೇಲೂ ಜಿಎಸ್‌ಟಿ ಬಿಲ್‌ನಲ್ಲೂ ಒಂದೇ ಇರಬೇಕು. ಲೋಕಲ್ ಟ್ರೈನಿನ ನೂಕುನುಗ್ಗಲಿನಲ್ಲಿ ಫೋನ್ ಕಳೆದುಹೋದರೆ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಅದನ್ನು ಬ್ಲಾಕ್ ಮಾಡಿಸಲು ಈ ಸಂಖ್ಯೆ ಮತ್ತು ಪೊಲೀಸ್ ದೂರಿನ ಪ್ರತಿ ಬೇಕಾಗುತ್ತದೆ.