ಟೀವಿಗೆ ನಾನಿತ್ತ ಒಪ್ಪಿಗೆ

ಗೋಡೆಗೂ ಕಿವಿಯುಂಟೆಂದು ಹಿರಿಯರು ಎಚ್ಚರಿಸುತ್ತಿದ್ದುದು ನೆರೆಹೊರೆಯವರನ್ನು ನೆನೆದು. ಈಗ ನಮ್ಮ ನಡುಮನೆಯ ಗೋಡೆಯ ಮೇಲೆ ಇಂಟರ್‌ನೆಟ್ಟಿಗೆ ಜೋಡಿಸಿದ ಟೀವಿಯೊಂದಿದೆ. ಅದನ್ನು ತಂದ ದಿನ ಪರದೆಯ ಮೇಲೆ ಪುಟಗಟ್ಟಲೆ ಇಂಗ್ಲಿಷ್ ಬರಹ ಮೂಡಿತು. ಕೊನೆಯಲ್ಲಿ ‘ಒಪ್ಪಿದ್ದೇನೆ’ ಎಂಬ ಗುರುತು. ಒಂದು ಪಾಠಾಂತರಕ್ಕಾಗಿ ವಾರಗಟ್ಟಲೆ ಹಸ್ತಪ್ರತಿಗಳನ್ನು ತಿರುವಿಹಾಕಿದ ನಾನು ಅದರ ಒಂದು ಸಾಲನ್ನೂ ಓದದೆ ರಿಮೋಟಿನ ಗುಂಡಿ ಒತ್ತಿದೆ.

ಒಪ್ಪಿದ್ದು ಏನನ್ನೆಂಬುದು ತಿಳಿದದ್ದು ಬಹಳ ತಡವಾಗಿ. ಇಂತಹ ಅನೇಕ ಟೀವಿಗಳು ಪರದೆಯ ಚಿತ್ರದಿಂದ ಅಲ್ಲಲ್ಲಿ ಕೆಲವು ಚುಕ್ಕೆಗಳನ್ನೋ ಧ್ವನಿಯ ತುಣುಕನ್ನೋ ಆಯ್ದು, ಅದರಿಂದ ಹೆಬ್ಬೆರಳ ಗುರುತಿನಂತಹ ಸಂಕೇತವೊಂದನ್ನು ರಚಿಸಿ ದೂರದ ಕಂಪ್ಯೂಟರಿಗೆ ಕಳುಹಿಸುತ್ತವೆ. ಅಲ್ಲಿ ಕಾರ್ಯಕ್ರಮಗಳ ಗುರುತುಗಳೊಡನೆ ಅದನ್ನು ಹೋಲಿಸಿ, ಈ ಮನೆಯವರು ಈ ಹೊತ್ತಿನಲ್ಲಿ ಇಂಥದನ್ನು ನೋಡಿದರೆಂದು ಬರೆದಿಡುತ್ತಾರೆ. ಹರಿದ ಓಲೆಯ ಎರಡು ಸಾಲು ಕಂಡು ಕೃತಿ ಯಾವುದೆಂದು ಹೇಳುವ ನಮ್ಮ ವಿದ್ಯೆಯೇ ಇದು. ಉದ್ದೇಶ ಮಾತ್ರ ಬೇರೆ.

ಅಮೆರಿಕದ ವಿಜಿಯೋ ಕಂಪನಿ 2014ರಿಂದ 1 ಕೋಟಿ 10 ಲಕ್ಷ ಟೀವಿಗಳಿಂದ ಹೀಗೆ ಕ್ಷಣಕ್ಷಣದ ವಿವರ ಸಂಗ್ರಹಿಸಿ, ಮನೆಯವರ ವಯಸ್ಸು, ಆದಾಯ, ವಿದ್ಯಾಭ್ಯಾಸಗಳ ವಿವರವನ್ನು ಅದಕ್ಕೆ ಕೂಡಿಸಲು ಅನುವು ಮಾಡಿ ಮಾರಿತೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. ಡಿವಿಡಿ ಹಾಕಿ ನೋಡಿದ್ದೂ ಲೆಕ್ಕಕ್ಕೆ ಬಂದಿತ್ತು. 2017ರಲ್ಲಿ ಕಂಪನಿ 22 ಲಕ್ಷ ಡಾಲರ್ ತೆತ್ತು ವ್ಯಾಜ್ಯ ಮುಗಿಸಿಕೊಂಡಿತು. ಈ ಏರ್ಪಾಟಿಗೆ ಅವರು ಇಟ್ಟಿದ್ದ ಹೆಸರು ‘ಸ್ಮಾರ್ಟ್ ಇಂಟರಾಕ್ಟಿವಿಟಿ’! ಶಬ್ದಗಳೊಡನೆ ಬಾಳಿದ ನನಗೆ ಹಣಕ್ಕಿಂತ ಈ ನಾಮಕರಣವೇ ಹೆಚ್ಚು ಅಸಹ್ಯವೆನಿಸಿತು.

ನನ್ನನ್ನು ಕಾಡಿದ್ದು ಇನ್ನೊಂದು. ಹೋದ ವರ್ಷ ನನ್ನಾಕೆ ತನಗೆ ಬಂದಿದ್ದ ಕಾಯಿಲೆಯ ವಿಷಯವನ್ನು ಮಕ್ಕಳಿಗೂ ತಿಳಿಸದೆ, ಅದರ ಬಗೆಗೆ ವೈದ್ಯರಾಡಿದ ಮಾತುಗಳನ್ನು ರಾತ್ರಿ ಈ ಟೀವಿಯಲ್ಲೇ ಕೇಳುತ್ತಿದ್ದಳು. ನೋಡಿದವಳು ಅವಳು, ಒಪ್ಪಿಗೆ ಕೊಟ್ಟವನು ನಾನು. ಮನೆಯ ಯಜಮಾನನೆಂಬ ಹೆಸರಿನಲ್ಲಿ ಅವಳ ಗುಟ್ಟನ್ನು ಒತ್ತೆಯಿಡುವ ಹಕ್ಕು ನನಗೆಲ್ಲಿತ್ತು?

ಇದು ಬರಿಯ ಸಂಕೋಚದ ಮಾತಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದರು. 2023ರ ದತ್ತಾಂಶ ರಕ್ಷಣೆಯ ಕಾಯಿದೆಯಂತೂ, ಒಪ್ಪಿಗೆ ಬೇಡುವ ಬರಹವನ್ನು ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ, ಎಂದರೆ ಕನ್ನಡದಲ್ಲಿಯೂ, ಓದುವ ಅವಕಾಶವಿರಬೇಕೆನ್ನುತ್ತದೆ. 2025ರ ನವೆಂಬರಿನ ಅಧಿಸೂಚನೆ ಇದರ ಜಾರಿಗೆ 18 ತಿಂಗಳ ಅವಧಿಯಿತ್ತಿದೆ.

ಅಷ್ಟು ಕಾಯಬೇಕಿಲ್ಲ. ಟೀವಿಯ ಸೆಟ್ಟಿಂಗ್ಸಿನಲ್ಲಿ ಪ್ರೈವೆಸಿ ಎಂಬ ಭಾಗವಿರುತ್ತದೆ. ನೋಡಿದ್ದರ ಮಾಹಿತಿ, ಅಭಿರುಚಿಗೆ ತಕ್ಕ ಜಾಹೀರಾತು, ಧ್ವನಿಸೇವೆ ಮೊದಲಾದವನ್ನು ಅಲ್ಲಿ ನಿಲ್ಲಿಸಬಹುದು. ಇದರಿಂದ ಚಿತ್ರಕ್ಕೆ ಕುಂದಿಲ್ಲ. ಮಾತು ಕೇಳುವ ಸ್ಪೀಕರಿದ್ದರೆ ಅದರ ಮೈಕ್ ಮುಚ್ಚುವ ಗುಂಡಿಯನ್ನು ಹುಡುಕಿಕೊಳ್ಳಿ. ಹಳೆಯ ಟೀವಿಯನ್ನು ಮಾರುವ ಮುನ್ನ ಒಳಗಿನ ಖಾತೆಗಳನ್ನೆಲ್ಲ ಅಳಿಸಿಬಿಡಿ.

ನಾನೂ ಮೊಮ್ಮಗನ ನೆರವಿನಿಂದ ಆ ಪುಟಗಳನ್ನು ಮತ್ತೆ ತೆರೆದೆ. ಈ ಸಲ ನನ್ನಾಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಏಳರಲ್ಲಿ ಎರಡಕ್ಕೆ ಅವಳು ಒಪ್ಪಿದಳು.