ಮುಚ್ಚಿದ ಡಬ್ಬದೊಳಗಿನ ಹುಳು

ಗಾಳಿಯೂ ನುಸುಳಲಾರದೆಂಬ ಜಾಹೀರಾತಿನ ಅಭಯವಚನವನ್ನು ನಂಬಿ, ನಾಲ್ಕು ಮಗ್ಗುಲಿಗೂ ಕೊಂಡಿಗಳುಳ್ಳ ದುಬಾರಿಯಾದ ಡಬ್ಬವೊಂದನ್ನು ಕೊಂಡುತಂದು, ಅದರಲ್ಲಿ ಕೇರಿ ಆರಿಸಿದ ಅಲಸಂದೆಕಾಳನ್ನು ತುಂಬಿಟ್ಟು ನಿಶ್ಚಿಂತರಾಗಿದ್ದ ಓದುಗರೊಬ್ಬರು, ತಿಂಗಳು ಕಳೆದು ಮುಚ್ಚಳ ತೆಗೆದಾಗ ಕಾಳುಕಾಳಿಗೂ ದುಂಡನೆಯ ರಂಧ್ರವಿದ್ದುದನ್ನೂ, ಕಂದುಬಣ್ಣದ ಸಣ್ಣ ಹುಳುಗಳು ಡಬ್ಬದ ಒಳಗೋಡೆಯನ್ನೇರಿ ಹರಿದಾಡುತ್ತಿದ್ದುದನ್ನೂ ಕಂಡು, ಗಾಳಿಗೇ ದಾರಿಯಿಲ್ಲದೆಡೆಗೆ ಹುಳು ಹೇಗೆ ಬಂದಿತೆಂದು ಪತ್ರಮುಖೇನ ಕೇಳಿದ್ದಾರೆ. ಉತ್ತರವು ಕೊಂಚ ನಿಷ್ಠುರವಾದುದು. ಹುಳು ಎಲ್ಲಿಂದಲೂ ಬರಲಿಲ್ಲ. ಕಾಳಿನೊಡನೆ ಅದನ್ನೂ ಒಳಗಿಟ್ಟು ಅವರೇ ಮುಚ್ಚಳ ಬಿಗಿದಿದ್ದರು.

ಈ ಪ್ರಶ್ನೆಗೆ ದೀರ್ಘವಾದ ವಂಶಾವಳಿಯಿದೆ. ಕೊಳೆತ ಮಾಂಸದಿಂದ ಹುಳು ತಾನೇ ತಾನಾಗಿ ಜನಿಸುವುದೆಂದು ಐರೋಪ್ಯ ವಿದ್ವಾಂಸರು ಬಹುಕಾಲ ನಂಬಿದ್ದರು. ಫ್ಲಾರೆನ್ಸ್ ನಗರದ ಮೆಡಿಚಿ ಅರಸರ ಆಸ್ಥಾನವೈದ್ಯನಾಗಿದ್ದ ಫ್ರಾನ್ಸೆಸ್ಕೊ ರೆಡಿಯು, ಮಾಂಸದ ತುಣುಕುಗಳಿದ್ದ ಪಾತ್ರೆಗಳಲ್ಲಿ ಕೆಲವನ್ನು ತೆರೆದಿಟ್ಟು, ಕೆಲವನ್ನು ತೆಳುವಾದ ಬಟ್ಟೆಯಿಂದ ಮುಚ್ಚಿಟ್ಟು, ನೊಣ ಮುಟ್ಟಲಾಗದ ಮಾಂಸದಲ್ಲಿ ಹುಳುವಿಲ್ಲವೆಂಬುದನ್ನು 1668ರಲ್ಲಿ ಜಗತ್ತಿಗೆ ತೋರಿಸಿಕೊಟ್ಟನು. ಪಾಠಪುಸ್ತಕಗಳು ಕಥೆಯನ್ನು ಇಲ್ಲಿಗೇ ಮುಗಿಸಿಬಿಡುತ್ತವೆ. ಆದರೆ ನನಗೆ ಸ್ವಾರಸ್ಯವೆನಿಸುವುದು ಇದರ ಮುಂದಿನ ಭಾಗ. ಸಸ್ಯಗಳ ಮೈಮೇಲೆ ಏಳುವ ಗಂಟುಗಳನ್ನು ಸೀಳಿದಾಗ, ಹೊರಗೆ ಯಾವ ಗಾಯವೂ ಕಾಣದಿದ್ದರೂ ಒಳಗೆ ಹುಳುವಿರುವುದನ್ನು ಕಂಡು, ಅಂಥ ಪರಮ ಸಂಶಯವಾದಿಯಾದ ರೆಡಿಯೇ ದಿಗ್ಭ್ರಮೆಗೊಂಡು, ಇವುಗಳನ್ನು ಮಾತ್ರ ಸಸ್ಯದ ಜೀವಶಕ್ತಿಯೇ ಸೃಷ್ಟಿಸುತ್ತಿರಬೇಕೆಂದು ಒಪ್ಪಿಕೊಂಡುಬಿಟ್ಟನು. ಅವನನ್ನು ತಿದ್ದಲು, ಮುಂದೆ ಅವನ ದೇಶದವನೇ ಆದ ವಲ್ಲಿಸ್ನೇರಿಯು ಬಂದು, ಆ ಗಂಟಿನೊಳಗಿನ ಹುಳುವಿಗೂ ಮೊಟ್ಟೆಯೇ ಮೂಲವೆಂದು ತೋರಿಸಬೇಕಾಯಿತು. ಹೀಗಿರಲು, ನಮ್ಮ ಓದುಗರ ವಿಸ್ಮಯವನ್ನು ಕಂಡು ನಗಲು ಯಾರಿಗೂ ಅಧಿಕಾರವಿಲ್ಲ.

ದ್ವಿದಳ ಧಾನ್ಯಗಳಿಗೆ ಕುಟ್ಟೆ ಹಿಡಿಸುವ ಹೆಣ್ಣು ಹುಳು ಹೊಲದಲ್ಲಿಯೇ, ಕಾಯಿ ಒಣಗುತ್ತಿರುವಾಗಲೇ, ತನ್ನ ಮೊಟ್ಟೆಗಳನ್ನು ಅಂಟಿಸಲಾರಂಭಿಸುತ್ತದೆ. ಮೊಟ್ಟೆಯೊಡೆದ ಮರಿಯು ಹೊರಗೆ ಮುಖ ತೋರದೆ, ಮೊಟ್ಟೆಯ ತಳದಿಂದಲೇ ಕಾಳಿನೊಳಕ್ಕೆ ಕೊರೆದುಕೊಂಡು ಹೋಗಿ, ಹೋಳಿಗೆಯೊಳಗಣ ಹೂರಣದಂತೆ ಅಲ್ಲಿ ಅಡಗಿ ಬೆಳೆದು, ಸುಮಾರು ಒಂದು ತಿಂಗಳಿನಲ್ಲಿ ದುಂಡನೆಯ ಕಿಂಡಿಯನ್ನು ತಳ್ಳಿಕೊಂಡು ರೆಕ್ಕೆಸಮೇತ ಹೊರಬರುತ್ತದೆ. ಅಕ್ಕಿಯ ಮೂತಿಹುಳುವಿನ ಜಾಣ್ಮೆ ಇದಕ್ಕೂ ಮಿಗಿಲು: ಅದು ಕಾಳಿಗೆ ಮೂತಿಯಿಂದ ತೂತು ಕೊರೆದು, ಮೊಟ್ಟೆಯನ್ನು ಒಳಗಿರಿಸಿ, ಅಂಟಿನಂತಹ ದ್ರವದಿಂದ ಬಾಯಿ ಮೆತ್ತಿಬಿಡುವುದರಿಂದ ಯಾವ ಗೃಹಿಣಿಯ ಕಣ್ಣಿಗೂ ಅದು ಬೀಳಲಾರದು. ರಾಗಿಗೆ ಈ ಪೀಡೆ ವಿರಳ. ಒಂದು ಮರಿ ಬೆಳೆಯುವಷ್ಟು ಸ್ಥಳವೇ ಆ ಪುಟ್ಟ ಕಾಳಿನೊಳಗಿಲ್ಲ.

ಹಾಗಾದರೆ ಗಾಳಿಯಾಡದ ಡಬ್ಬವೆಂಬುದು ಕೇವಲ ವ್ಯಾಪಾರದ ಮಾತೇ? ತತ್ತ್ವವು ಸುಳ್ಳಲ್ಲ, ನಮ್ಮ ನಾಡಿನ ಹಗೇವುಗಳು ಅದನ್ನು ಜಾಹೀರಾತಿಲ್ಲದೆಯೇ ಆಚರಿಸಿ ತೋರಿಸಿವೆ. ಗಟ್ಟಿಯಾದ ನೆಲದಲ್ಲಿ ಕಿರಿದಾದ ಬಾಯಿಯುಳ್ಳ ಗುಳಿಯನ್ನು ತೋಡಿ, ಒಳಮೈಗೆ ಹುಲ್ಲನ್ನು ಹೊಂದಿಸಿ, ಒಣಗಿದ ಜೋಳವನ್ನೋ ರಾಗಿಯನ್ನೋ ಕಂಠದವರೆಗೆ ತುಂಬಿ, ಬಾಯಿಗೆ ಹುಲ್ಲೂ ಕಲ್ಲೂ ಮಣ್ಣೂ ಹಾಕಿ ಮೆತ್ತಿಬಿಟ್ಟರೆ, ಒಳಗಿರುವ ಅಲ್ಪಸ್ವಲ್ಪ ಆಮ್ಲಜನಕವನ್ನು ಧಾನ್ಯವೂ ಹುಳುವೂ ಉಸಿರಾಡಿ ಮುಗಿಸಿ, ಇಂಗಾಲದ ಡೈಆಕ್ಸೈಡು ಹೆಚ್ಚಿ, ಹುಳುವು ತಾನು ಕೆಡಿಸಿದ ಗಾಳಿಗೆ ತಾನೇ ಬಲಿಯಾಗುತ್ತದೆ. ಹಗೇವನ್ನು ತೆರೆದೊಡನೆ ಯಾರೂ ಅದರೊಳಗೆ ಇಳಿಯಬಾರದೆಂದೂ, ಬಾಯಿ ತೆರೆದಿಟ್ಟು ಕಾಯ್ದು, ದೀಪವನ್ನು ಇಳಿಬಿಟ್ಟು ಅದು ಆರದೆ ಉರಿಯುವುದೇ ಎಂದು ನೋಡಬೇಕೆಂದೂ ಹಿರಿಯರು ವಿಧಿಸುತ್ತಿದ್ದುದು ಈ ಕಾರಣದಿಂದಲೇ. ಆ ಮಾತನ್ನು ಮೀರಿ ಇಳಿದು ಪ್ರಾಣ ಕಳೆದುಕೊಂಡವರುಂಟು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಅರ್ಜೆಂಟೀನಾ ದೇಶವು, ಹಡಗುಗಳಿಲ್ಲದೆ ರಾಶಿಬಿದ್ದ ಧಾನ್ಯವನ್ನು ನೆಲದಡಿಯ ಬೃಹತ್ ಕಣಜಗಳಲ್ಲಿ ಕಾಪಾಡಿದ್ದೂ ಇದೇ ಉಪಾಯದಿಂದ.

ಆದರೆ ಹುಳು ಸಾಯುವುದು ಉಸಿರುಗಟ್ಟಿಯೇ ಎಂಬ ವಿಚಾರದಲ್ಲಿ ಇತ್ತೀಚೆಗೆ ಒಂದು ಸೊಗಸಾದ ಸಂಗತಿ ಹೊರಬಿದ್ದಿದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಲ್ಯಾರಿ ಮರ್ಡಾಕ್ ಎಂಬ ಕೀಟವಿಜ್ಞಾನಿಯು, 1980ರ ದಶಕದ ಕೊನೆಯಲ್ಲಿ ಆಫ್ರಿಕದ ಕ್ಯಾಮರೂನ್ ದೇಶದ ರೈತರ ಅಲಸಂದೆಯನ್ನು (ಅದೇ ನಮ್ಮ ಓದುಗರ ಅಲಸಂದೆಯನ್ನು) ಕುಟ್ಟೆಯಿಂದ ರಕ್ಷಿಸುವ ಕಾರ್ಯಕ್ಕೆ ತೊಡಗಿ, ಒಂದರೊಳಗೊಂದರಂತೆ ಮೂರು ಪದರದ ಚೀಲಗಳನ್ನು ಬಳಕೆಗೆ ತಂದನು. ವಿಷದ ಔಷಧವಿಲ್ಲದೆಯೇ ಕಾಳು ಉಳಿಯಿತು. ಏಕೆ ಉಳಿಯಿತೆಂಬುದನ್ನು ಅವನೂ ಅವನ ಸಹೋದ್ಯೋಗಿಗಳೂ 2012ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದರು: ಹುಳು ಸಾಯುವುದು ಬಾಯಾರಿಕೆಯಿಂದ! ಒಣಗಿದ ಕಾಳಿನೊಳಗೆ ಹುಟ್ಟಿ ಬೆಳೆಯುವ ಮರಿಗೆ ಕುಡಿಯಲು ನೀರೆಲ್ಲಿಯದು? ತಾನು ತಿಂದ ಹಿಟ್ಟಿನಲ್ಲಿರುವ ಜಲಜನಕವನ್ನು ಗಾಳಿಯ ಆಮ್ಲಜನಕದೊಡನೆ ಸಂಯೋಗಗೊಳಿಸಿ, ತನಗೆ ಬೇಕಾದ ನೀರನ್ನು ಅದು ದೇಹದೊಳಗೇ ತಯಾರಿಸಿಕೊಳ್ಳುತ್ತದೆ. ಸಾಧಾರಣ ಗಾಳಿಯಲ್ಲಿ ಶೇಕಡಾ 21ರಷ್ಟಿರುವ ಆಮ್ಲಜನಕವು ತೀರ ಕುಗ್ಗಿದಾಗ ಈ ತಯಾರಿಕೆ ನಿಂತು, ಅನ್ನದ ರಾಶಿಯ ನಡುವೆ ಕುಳಿತಿದ್ದೂ ಮರಿಯು ತಿನ್ನುವುದನ್ನು ಬಿಟ್ಟು ಒಣಗಿ ಸಾಯುತ್ತದೆ. ಗಾಳಿಯನ್ನು ತಡೆಯುವುದೂ ನೀರನ್ನು ತಡೆಯುವುದೂ ಎರಡು ಬೇರೆ ಉಪಾಯಗಳೆಂದು ಭಾವಿಸಿದ್ದ ನಮಗೆ, ಒಂದು ಇನ್ನೊಂದರ ದಾರಿಯೆಂಬುದು ಇದರಿಂದ ತಿಳಿಯಿತು.

ಈಗ ಅಡುಗೆಮನೆಯ ಡಬ್ಬಕ್ಕೆ ಬರೋಣ. ಹಗೇವಿಗೆ ಇರುವ ಎರಡು ಗುಣಗಳು ಅದಕ್ಕಿಲ್ಲ: ಅದು ತುಂಬಿರುವುದಿಲ್ಲ, ಮುಚ್ಚಿಯೂ ಇರುವುದಿಲ್ಲ. ಕಾಲುಭಾಗ ಕಾಳು, ಮುಕ್ಕಾಲುಭಾಗ ಗಾಳಿಯಿರುವ ಡಬ್ಬದಲ್ಲಿ ಹುಳುವಿನ ಸಂಸಾರಕ್ಕೆ ಬೇಕಾದಷ್ಟು ಆಮ್ಲಜನಕವು ಸಿದ್ಧವಾಗಿಯೇ ಇರುತ್ತದೆ. ಸಾಲದೆ ಬಂದರೆ, ಸಾರಿಗೆಂದು ದಿನಕ್ಕೊಮ್ಮೆ ಮುಚ್ಚಳ ತೆಗೆಯುವ ನಾವೇ ಅದನ್ನು ಒದಗಿಸಿಕೊಡುತ್ತೇವೆ. ದೊಡ್ಡದೊಂದು ಡಬ್ಬಕ್ಕಿಂತ, ಕಂಠಪೂರ್ತಿ ತುಂಬಿದ ನಾಲ್ಕು ಸಣ್ಣ ಡಬ್ಬಗಳನ್ನಿಟ್ಟುಕೊಂಡು ಒಂದು ಬರಿದಾದ ಮೇಲೆ ಇನ್ನೊಂದನ್ನು ತೆರೆಯುವುದು ಈ ದೃಷ್ಟಿಯಿಂದ ಮೇಲು. ಮುಚ್ಚಳ ಸರಿಯಾಗಿ ಕೂಡುವ ಸಾಮಾನ್ಯ ಸ್ಟೀಲು ಡಬ್ಬವೂ ಈ ಕೆಲಸಕ್ಕೆ ಬಂದೀತು. ಅಂಗಡಿಯಿಂದ ತಂದ ಕಾಳನ್ನು ಮೊದಲು ಫ್ರೀಜರಿನಲ್ಲಿ, ಎಂದರೆ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೈತ್ಯದಲ್ಲಿ, ನಾಲ್ಕು ದಿನವಿರಿಸಿದರೆ ಮೊಟ್ಟೆಯೂ ಮರಿಯೂ ಉಳಿಯವು. ಹೊರತೆಗೆದ ಪೊಟ್ಟಣವು ಕೋಣೆಯ ಶಾಖಕ್ಕೆ ಬರುವವರೆಗೆ ಅದರ ಬಾಯಿ ಬಿಚ್ಚಬಾರದು. ಬಿಚ್ಚಿದರೆ ತಣ್ಣನೆಯ ಕಾಳಿನ ಮೇಲೆ ಗಾಳಿಯ ತೇವವು ಹನಿಗಟ್ಟಿ, ಹುಳುವಿನ ಬದಲು ಬೂಷ್ಟನ್ನು ಬರಮಾಡಿಕೊಂಡಂತಾಗುತ್ತದೆ. ಬಿಸಿಲಿನಲ್ಲಿ ಒಣಗಿಸಿದ ಕಾಳನ್ನು ಆರಲು ಬಿಡದೆ ತುಂಬುವವರಿಗೂ ಇದೇ ಫಲ ಲಭಿಸುತ್ತದೆ, ಮುಚ್ಚಳ ಎಷ್ಟು ಬಿಗಿಯೋ ಅಷ್ಟು ಹೆಚ್ಚಾಗಿ.

ತೊಗರಿಬೇಳೆಗೆ ಹರಳೆಣ್ಣೆ ಸವರುವ ಪದ್ಧತಿಯನ್ನು ಮೂಢಾಚಾರವೆಂದು ತಳ್ಳುವಂತಿಲ್ಲ; ಎಣ್ಣೆಯ ತೆಳುಪೊರೆಯು ಮೊಟ್ಟೆಯ ಉಸಿರಾಟವನ್ನು ತಡೆದು ಕೊಲ್ಲುತ್ತದೆ. ಬೀಜದ ಕಾಳಿಗೆ ಬೂದಿ ಬೆರೆಸುವುದರಲ್ಲಿಯೂ ಹುರುಳಿದೆ: ಕೀಟದ ಮೈಮೇಲಿರುವ ಮೇಣದ ಲೇಪವೇ ಅದರ ಒಳನೀರು ಆವಿಯಾಗದಂತೆ ಕಾಯುವ ಕವಚವಾದುದರಿಂದ, ಆ ಲೇಪವನ್ನು ನಯವಾದ ಪುಡಿಯು ಉಜ್ಜಿ ಕೆಡಿಸಿದೊಡನೆ ಹುಳು ಒಣಗಿಹೋಗುತ್ತದೆ. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು, ಸಂಸ್ಕರಿಸಿದ ಜೇಡಿಯ ಪುಡಿಯಿಂದ ಧಾನ್ಯವನ್ನು ಕಾಪಾಡುವ ಪ್ರಯೋಗಗಳನ್ನು ನಡೆಸಿದ್ದು ಇದೇ ಜಾಡಿನಲ್ಲಿ. ಬೇವಿನೆಲೆಯ ಬಗೆಗೆ ನನಗೆ ಅಷ್ಟು ಭಕ್ತಿಯಿಲ್ಲ. ಅರೆಹಸಿಯಾದ ಎಲೆಯನ್ನು ಡಬ್ಬಕ್ಕೆ ಹಾಕುವವರು ಒಳಗೆ ತೇವವನ್ನೇ ಸೇರಿಸುತ್ತಿರುತ್ತಾರೆ. ಪಾದರಸದ ಗುಳಿಗೆಯನ್ನು ಅಕ್ಕಿಯಲ್ಲಿರಿಸುವ ಅಭ್ಯಾಸವಂತೂ ಸರ್ವಥಾ ವರ್ಜ್ಯ. ಉಣ್ಣುವ ಧಾನ್ಯದ ಸಮೀಪಕ್ಕೆ ಆ ವಿಷಲೋಹವು ಬರಲೇಕೂಡದು.

ನಿರ್ವಾತ ಡಬ್ಬಗಳ ವರ್ತಕರು ಹೇಳದೆ ಬಿಡುವ ಸಂಗತಿಯೊಂದಿದೆ. ಗಾಳಿಯಿಲ್ಲದಿರುವುದೇ ಪಥ್ಯವಾದ ಜೀವಿಗಳೂ ಉಂಟು. ಬೆಲ್ಜಿಯಂ ದೇಶದ ಎಲ್ಜೆಲ್ ಎಂಬ ಹಳ್ಳಿಯಲ್ಲಿ 1895ರಲ್ಲಿ, ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದಿದ್ದ ತಂಡದವರು ಉಪ್ಪುನೀರಿನಲ್ಲಿಟ್ಟಿದ್ದ ಹಂದಿಮಾಂಸವನ್ನು ಉಂಡು ಕಣ್ಣು ಮಂಜಾಗಿ, ನುಂಗಲಾರದವರಾಗಿ, ಅವರಲ್ಲಿ ಮೂವರು ತೀರಿಕೊಂಡರು. ಎಮಿಲ್ ವಾನ್ ಎರ್ಮೆಂಗೆಮ್ ಎಂಬ ವಿದ್ವಾಂಸನು ಆ ಮಾಂಸದಿಂದಲೂ ಮೃತದೇಹದಿಂದಲೂ ಒಂದೇ ರೋಗಾಣುವನ್ನು ಬೇರ್ಪಡಿಸಿ, ಅದು ಗಾಳಿಯಿಲ್ಲದೆಡೆಯಲ್ಲಿ ಮಾತ್ರ ಬೆಳೆದು ಘೋರವಾದ ವಿಷವನ್ನು ಹುಟ್ಟಿಸುವುದೆಂದು 1897ರಲ್ಲಿ ವಿವರಿಸಿದನು. ಬಾಟುಲಿನಮ್ ಎಂದು ಪ್ರಸಿದ್ಧವಾದ ಈ ರೋಗಾಣುವಿನ ಬೀಜಕಣಗಳು ಮಣ್ಣಿನಲ್ಲಿವೆ, ಆದುದರಿಂದ ಮಣ್ಣಿನಡಿ ಬೆಳೆಯುವ ಬೆಳ್ಳುಳ್ಳಿಯ ಮೇಲೂ ಇರಬಲ್ಲವು. ಕುದಿಯುವ ನೀರಿಗೂ ಅವು ಜಗ್ಗುವುದಿಲ್ಲ. ಕೆನಡಾದ ವ್ಯಾಂಕೂವರ್ ನಗರದ ಊಟದ ಮನೆಯೊಂದರಲ್ಲಿ 1985ರಲ್ಲಿ 30ಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದುದು, ಎಣ್ಣೆಯಲ್ಲಿ ಮುಳುಗಿಸಿ ಶೈತ್ಯವಿಲ್ಲದೆ ಇಟ್ಟಿದ್ದ ಜಜ್ಜಿದ ಬೆಳ್ಳುಳ್ಳಿಯಿಂದ.

ಒಣಗಿದ ಕಾಳಿನಲ್ಲಿ ಈ ಭಯವಿಲ್ಲ, ಅಲ್ಲಿ ರೋಗಾಣುವಿಗೂ ನೀರಿಲ್ಲ. ನಮ್ಮ ಬೆಳ್ಳುಳ್ಳಿ ಉಪ್ಪಿನಕಾಯಿಯಲ್ಲಿ ಬೆಳ್ಳುಳ್ಳಿಯು ಎಣ್ಣೆಯಡಿ ಮುಳುಗಿದ್ದರೂ ಅದನ್ನು ಕಾಯುವುದು ಎಣ್ಣೆಯಲ್ಲ, ನಿಂಬೆಯ ಹುಳಿ ಮತ್ತು ಕೈಬಿಚ್ಚಿ ಹಾಕಿದ ಉಪ್ಪು. ಆರೋಗ್ಯದ ಹೆಸರಿನಲ್ಲಿ ಉಪ್ಪನ್ನು ಅರ್ಧಕ್ಕಿಳಿಸಿ, ರುಚಿಯ ಹೆಸರಿನಲ್ಲಿ ಹುಳಿಯನ್ನೂ ತಗ್ಗಿಸಿದ ಹೊಸ ಬಗೆಯ ಉಪ್ಪಿನಕಾಯಿಯನ್ನು ಭರಣಿಯಲ್ಲಿ ತಿಂಗಳುಗಟ್ಟಲೆ ಅಟ್ಟದ ಮೇಲಿಡುವಂತಿಲ್ಲ. ಅದನ್ನೂ, ಎಣ್ಣೆಯಲ್ಲಿಟ್ಟ ಹಸಿ ಬೆಳ್ಳುಳ್ಳಿಯನ್ನೂ, ಸ್ವಲ್ಪಸ್ವಲ್ಪವಾಗಿ ಮಾಡಿ, ಫ್ರಿಜ್ಜಿನಲ್ಲಿರಿಸಿ, ಕೆಲವೇ ದಿನಗಳಲ್ಲಿ ತಿಂದು ಮುಗಿಸತಕ್ಕದ್ದು.